ಸಾವಂತವಾಡಿಯ ದಶಾವತಾರ ಗಂಜೀಫಾ: ಒಂದು ಮಳೆಗಾಲ ಆಡಿದ ಮೇಲೆ

ಬೆಳಗಾವಿಯಿಂದ ಅಂಬೋಲಿ ಘಾಟ್ ಇಳಿದು ಸಾವಂತವಾಡಿಗೆ ಹೋದವರು ಸಾಮಾನ್ಯವಾಗಿ ಮರದ ಆಟಿಕೆಗಳನ್ನೋ ಬಣ್ಣದ ಮರದ ಹಣ್ಣುಗಳನ್ನೋ ಕೊಂಡು ಹಿಂದಿರುಗುತ್ತಾರೆ. ಕಳೆದ ಬೇಸಿಗೆಯಲ್ಲಿ ನಾನು ಅಲ್ಲಿಂದ ತಂದದ್ದು ಕೈಯಿಂದ ಚಿತ್ರ ಬರೆದ, ದುಂಡನೆಯ 120 ಎಲೆಗಳ ದಶಾವತಾರ ಗಂಜೀಫಾ, ಅಂದರೆ ಇಸ್ಪೀಟಿನಂಥ ಒಂದು ಎಲೆಯಾಟ. ಇದನ್ನು ಕೊಂಡು ಗಾಜಿನ ಕಪಾಟಿನಲ್ಲಿ ಇಡುವವರೇ ಹೆಚ್ಚು. ಟಿಳಕವಾಡಿಯಲ್ಲಿರುವ ಗೆಳೆಯನ ಮನೆಯ ಪಡಸಾಲೆಯಲ್ಲಿ ನಾವು ಮೂವರು ಮಳೆಗಾಲವಿಡೀ ಇದನ್ನು ಕಲಿತು ಆಡಿದ್ದೇವೆ. ಆದ್ದರಿಂದ ಆಡುವ ವಸ್ತುವಾಗಿ ಇದರ ಗುಣದೋಷಗಳನ್ನು ಬರೆಯುತ್ತಿದ್ದೇನೆ.

ನಾವು ಮೂವರೂ ಚಿಕ್ಕಂದಿನಿಂದ ಇಸ್ಪೀಟಿನ ಮೆಂಡಿಕೋಟ ಆಡಿ ಬೆಳೆದವರು. ನಾಲ್ವರ ಆಟವಾದ ಅದರಲ್ಲಿ ನಾಲ್ಕನೆಯವನಾಗಿದ್ದ ಗೆಳೆಯ ನೌಕರಿಗೆಂದು ಪುಣೆಗೆ ಹೋದ ಮೇಲೆ ನಮ್ಮ ರವಿವಾರದ ಬೈಠಕ್ಕು ನಿಂತುಹೋಗಿತ್ತು. ಗಂಜೀಫಾ ಮೂವರ ಆಟವೆಂದು ತಿಳಿದಾಗಲೇ ಕೊಳ್ಳಬೇಕೆನಿಸಿತು. ಇಸ್ಪೀಟಿನ ನಾಲ್ಕು ಬಣ್ಣಗಳ ಜಾಗದಲ್ಲಿ ಇಲ್ಲಿ ವಿಷ್ಣುವಿನ ಹತ್ತು ಅವತಾರಗಳಿವೆ. ಒಬ್ಬೊಬ್ಬರಿಗೆ 40 ಎಲೆ ಹಂಚಬೇಕು; ಪ್ರತಿ ಸುತ್ತಿನಲ್ಲಿ ಮೂವರೂ ಒಂದೊಂದು ಎಲೆ ಹಾಕಬೇಕು; ಮೊದಲು ಬಿದ್ದ ಎಲೆ ಯಾವ ಅವತಾರದ್ದೋ ಆ ಅವತಾರದಲ್ಲಿ ಎಲ್ಲಕ್ಕಿಂತ ದೊಡ್ಡ ಎಲೆ ಹಾಕಿದವರು ಮೂರನ್ನೂ ಎತ್ತಿಕೊಳ್ಳಬೇಕು. ಇಷ್ಟು ಕೇಳಿದರೆ ಮೆಂಡಿಕೋಟ ಬಲ್ಲವರಿಗೆ ಹೊಸದೇನೂ ಇಲ್ಲವೆನಿಸುತ್ತದೆ. ಕಷ್ಟ ಆರಂಭವಾಗುವುದು ಮುಂದಿನ ಮಾತಿನಲ್ಲಿ.

ಮತ್ಸ್ಯದಿಂದ ಕಲ್ಕಿಯವರೆಗಿನ ಹತ್ತು ಅವತಾರಗಳಲ್ಲಿ ಒಂದೊಂದಕ್ಕೂ ರಾಜ, ಪ್ರಧಾನ ಮತ್ತು ಒಂದರಿಂದ ಹತ್ತರವರೆಗಿನ ಎಲೆಗಳಿವೆ. ರಾಜ ಎಲ್ಲಕ್ಕೂ ದೊಡ್ಡದು, ಅನಂತರ ಪ್ರಧಾನ. ಆಮೇಲೆ ಐದು ಅವತಾರಗಳಲ್ಲಿ ಹತ್ತು ದೊಡ್ಡದಾಗಿ ಒಂದು ತೀರ ಕೆಳಗಿದ್ದರೆ, ಉಳಿದ ಐದರಲ್ಲಿ ಒಂದು ದೊಡ್ಡದು, ಹತ್ತೇ ಕನಿಷ್ಠ. ಮೆಂಡಿಕೋಟದಲ್ಲಿ ಹತ್ತು ಎಂದರೆ ಮೆಂಡಿ, ಇಡೀ ಆಟವೇ ಆ ನಾಲ್ಕು ಎಲೆಗಳನ್ನು ಗಳಿಸುವುದಕ್ಕಾಗಿ ನಡೆಯುತ್ತದೆ. ಹತ್ತನ್ನು ಕಂಡರೆ ಬಚ್ಚಿಡುವ ಮೂವತ್ತು ವರ್ಷಗಳ ಅಭ್ಯಾಸವನ್ನು ಅರ್ಧ ಅವತಾರಗಳಲ್ಲಿ ಬಿಡಬೇಕು, ಅರ್ಧದಲ್ಲಿ ಇಟ್ಟುಕೊಳ್ಳಬೇಕು. ಹುಕುಂ ಎಂಬ ಶಬ್ದಕ್ಕೂ ಇಲ್ಲಿ ಬೇರೆಯೇ ಅರ್ಥವಿದೆ. ಬೇರೆ ಬಣ್ಣವನ್ನು ಹೊಡೆಯುವ ಹುಕುಂ ಗಂಜೀಫಾದಲ್ಲಿ ಇಲ್ಲವೇ ಇಲ್ಲ. ಒಂದು ಅವತಾರದಲ್ಲಿ ಇನ್ನೂ ಬೀಳದೆ ಉಳಿದ ಎಲೆಗಳಲ್ಲಿ ಯಾವುದು ದೊಡ್ಡದೋ ಅದು ಆ ಅವತಾರದ ಹುಕುಂ. ರಾಜನೂ ಪ್ರಧಾನನೂ ಬಿದ್ದುಹೋದರೆ ಕೈಯಲ್ಲಿರುವ ಹತ್ತೋ ಒಂದೋ ಹುಕುಂ ಆಗಿಬಿಡುತ್ತದೆ, ಆದರೆ ಅವೆರಡೂ ಬಿದ್ದದ್ದು ನೆನಪಿದ್ದರೆ ಮಾತ್ರ ಅದರ ಲಾಭ ಸಿಗುತ್ತದೆ. ಹತ್ತು ಅವತಾರಗಳ ಲೆಕ್ಕವನ್ನು ಏಕಕಾಲಕ್ಕೆ ತಲೆಯಲ್ಲಿಟ್ಟುಕೊಳ್ಳುವ ಈ ಕೆಲಸದಲ್ಲಿಯೇ ಆಟದ ರಸವೆಲ್ಲ ಇದೆ ಎಂದು ನನಗೆ ಈಗ ಅನ್ನಿಸುತ್ತದೆ.

ಪೆಟ್ಟಿಗೆಯೊಂದಿಗೆ ಬಂದ ವಿವರಣೆಯ ಹಾಳೆ ಇದಕ್ಕೆ ಸಾಲದು. ಒಂದೇ ಹಾಳೆಯ ಎರಡು ಮಗ್ಗುಲಲ್ಲಿ ಮರಾಠಿ ಮತ್ತು ಇಂಗ್ಲಿಷಿನಲ್ಲಿ ನಿಯಮಗಳಿವೆ. ಯಾವ ಐದು ಅವತಾರಗಳಲ್ಲಿ ಕ್ರಮ ತಿರುವುಮುರುವು ಎಂಬುದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಲಾಗಿದೆ, ಮಾದರಿಗೆ ಆಡಿ ತೋರಿಸಿದ ಒಂದು ಸುತ್ತೂ ಇಲ್ಲ. ಈ ಭಾಗದಿಂದ ಅಷ್ಟು ಜನ ಹೋಗಿಬರುವ ಊರಿನಲ್ಲಿ ಕನ್ನಡದ ಹಾಳೆಯೊಂದನ್ನು ಇಟ್ಟಿದ್ದರೆ ಎಷ್ಟೋ ಉಪಕಾರವಾಗುತ್ತಿತ್ತು. ಮೂರನೆಯ ಕೃಷ್ಣರಾಜ ಒಡೆಯರು ತಾವೇ ಹೊಸ ಗಂಜೀಫಾ ಆಟಗಳನ್ನು ರಚಿಸಿದ ನಾಡು ನಮ್ಮದು. ನಿಯಮಗಳನ್ನು ಹೇಳಲು ಬೇಕಾದ ಮಾತುಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ.

ಕೊನೆಗೆ ನಮಗೆ ದಾರಿ ತೋರಿಸಿದವರು ಗೆಳೆಯನ ತಾಯಿ. ಇಸ್ಪೀಟೆಂದರೆ ಜೂಜು ಎಂದು ದೂರವಿರುವ ಅವರು ಮೀನು, ಆಮೆಗಳ ಚಿತ್ರ ಕಂಡು ಹತ್ತಿರ ಬಂದು ಕುಳಿತರು. "ಹತ್ತೂ ಅವತಾರ ನನಗ ಬಾಯಿಪಾಠ ಅದಾವ, ನಾ ಹೇಳಕೋತ ಹೋಗ್ತೀನಿ, ನೀವು ಎಲಿ ಹೊಂದಿಸ್ರಪಾ" ಎಂದರು. ಅವರು ಹೇಳಿದ ಕ್ರಮದಲ್ಲಿ ಎಲೆಗಳನ್ನು ಸಾಲಾಗಿ ಜೋಡಿಸಿದಾಗ ಕಣ್ಣಿಗೆ ಹಿಡಿತ ಸಿಕ್ಕಿತು. ಮೊದಲೆರಡು ವಾರ ಕೇವಲ ನಾಲ್ಕು ಅವತಾರಗಳ 48 ಎಲೆಗಳಿಂದ ಆಡಿದೆವು, ಎರಡು ನೇರ ಕ್ರಮದವು, ಎರಡು ತಿರುವುಮುರುವಾದವು. ತಲಾ 16 ಎಲೆ ಬರುವುದರಿಂದ ಲೆಕ್ಕ ಕೈಗೆ ಸಿಗುತ್ತಿತ್ತು. ಅನಂತರ ಎರಡೆರಡು ಅವತಾರ ಸೇರಿಸುತ್ತ ಆಗಸ್ಟಿನ ಹೊತ್ತಿಗೆ ಹತ್ತಕ್ಕೂ ಬಂದೆವು. ಹೊಸಬರಿಗೆ ನಾನು ಇದೇ ಕ್ರಮವನ್ನು ಹೇಳುತ್ತೇನೆ. ಮೊದಲ ದಿನವೇ 120 ಎಲೆ ಹಂಚಿ ಕುಳಿತರೆ ಎರಡನೆಯ ದಿನ ಯಾರೂ ಬರುವುದಿಲ್ಲ.

ಎಲೆಗಳ ಕೆಲಸದ ಬಗ್ಗೆ ನನಗೆ ಮೆಚ್ಚುಗೆಯೇ ಹೆಚ್ಚು. ಹುಣಸೆಬೀಜದ ಅಂಟು ಬಳಿದು ಗಟ್ಟಿ ಮಾಡಿ, ಬಣ್ಣದ ಮೇಲೆ ಅರಗಿನ ಲೇಪ ಕೊಡುವ ಈ ಕಸುಬು ಬಹುತೇಕ ನಿಂತುಹೋಗಿದ್ದಾಗ, 1970ರ ದಶಕದಲ್ಲಿ ಅಲ್ಲಿನ ರಾಜಮನೆತನದ ಶಿವರಾಮರಾಜೆ ಭೋಸಲೆ ಮತ್ತು ಸತ್ವಶೀಲಾದೇವಿಯವರು ಅರಮನೆಯಲ್ಲಿಯೇ ಕಲಾವಿದರನ್ನು ಕೂಡಿಸಿ ಅದಕ್ಕೆ ಮತ್ತೆ ಜೀವ ಕೊಟ್ಟರು. ನನ್ನ ಪೆಟ್ಟಿಗೆ ಊರಿನ ಒಂದು ಅಂಗಡಿಯದು. ಮೂರು ತಿಂಗಳ ಆಟದಲ್ಲಿ ಬಣ್ಣ ಎಲ್ಲಿಯೂ ಎದ್ದಿಲ್ಲ. ರಾಜ ಮಂಟಪದಲ್ಲಿ ಕುಳಿತಿದ್ದಾನೆ, ಪ್ರಧಾನ ಕುದುರೆಯ ಮೇಲಿದ್ದಾನೆ, ಆದ್ದರಿಂದ ಅವರಿಬ್ಬರಲ್ಲಿ ಗೊಂದಲವಿಲ್ಲ. ಒಂಬತ್ತು ಮತ್ತು ಹತ್ತರ ಎಲೆಗಳಲ್ಲಿ ಮಾತ್ರ ಚಿಹ್ನೆಗಳು ಒತ್ತೊತ್ತಾಗಿ ಬಂದು ಸಂಜೆಯ ಬೆಳಕಿನಲ್ಲಿ ಎಣಿಸುವುದು ತ್ರಾಸಾಗುತ್ತದೆ. ದುಂಡನೆಯ 40 ಎಲೆಗಳನ್ನು ಇಸ್ಪೀಟಿನಂತೆ ಬೀಸಣಿಗೆಯಾಗಿ ಹಿಡಿಯುವುದು ನಮಗೆ ಸಾಧ್ಯವಾಗಲಿಲ್ಲ. ಬಡಿಗನಿಂದ ಉದ್ದಕ್ಕೆ ತೋಡು ಕೊರೆದ ಮೂರು ಸಣ್ಣ ಹಲಗೆಗಳನ್ನು ಮಾಡಿಸಿ, ಎಲೆಗಳನ್ನು ಅದರಲ್ಲಿ ನಿಲ್ಲಿಸಿಕೊಂಡು ಆಡುತ್ತೇವೆ. ನೆಲದ ಮೇಲೆ ದಪ್ಪ ಚಾದರ ಹಾಸಿದರೆ ಎಲೆಯ ಅಂಚು ಸವೆಯುವುದಿಲ್ಲ, ಎತ್ತಿಕೊಳ್ಳಲೂ ಸುಲಭ.

ನನಗೆ ಅತ್ಯಂತ ಪ್ರಿಯವಾದ ನಿಯಮವೆಂದರೆ ಹಗಲಿನಲ್ಲಿ ಆಡಿದರೆ ರಾಮನ ರಾಜ ಇದ್ದವರು ಆಟ ಆರಂಭಿಸಬೇಕು, ಸೂರ್ಯ ಮುಳುಗಿದ ಮೇಲೆ ಕೃಷ್ಣನ ರಾಜ ಇದ್ದವರು. ಬೆಳಗಾವಿಯ ಜುಲೈ ಮೋಡದಲ್ಲಿ ಸೂರ್ಯ ಮುಳುಗಿದ್ದೇ ತಿಳಿಯದ ಕಾರಣ, ಗೆಳೆಯನ ತಾಯಿ ತುಳಸಿಯ ಮುಂದೆ ದೀಪ ಹಚ್ಚಿದ ಮೇಲೆ ಕೃಷ್ಣನ ಆಟವೆಂದು ನಾವು ಗೊತ್ತುಮಾಡಿಕೊಂಡಿದ್ದೇವೆ.

ಬೆಲೆ ಸಾವಿರಗಳಲ್ಲಿದೆ, ಕೈಕೆಲಸದ 120 ಚಿತ್ರಗಳಿಗೆ ಅದು ಹೆಚ್ಚೆಂದು ನಾನು ಹೇಳಲಾರೆ. ಆದರೆ ಆಡುವುದಕ್ಕಾಗಿ ಕೊಳ್ಳುವವರು ಅಂಗಡಿಯಲ್ಲಿಯೇ ಮುಚ್ಚಳ ತೆಗೆದು, ಒಂದೊಂದು ಅವತಾರಕ್ಕೂ ಹನ್ನೆರಡು ಎಲೆಗಳಿವೆಯೇ ಎಂದು ಎಣಿಸಿ ನೋಡಬೇಕು. ನಮ್ಮ ಪೆಟ್ಟಿಗೆಯಲ್ಲಿ ವಾಮನನ ಏಳು ಎರಡಿದ್ದವು, ಎಂಟು ಇರಲಿಲ್ಲ. ಫೋನು ಮಾಡಿದಾಗ ಅಂಗಡಿಯವರು ತಕರಾರಿಲ್ಲದೆ ಒಪ್ಪಿ ಹೊಸ ಎಂಟನ್ನು ಬರೆಸಿ ಅಂಚೆಯಲ್ಲಿ ಕಳುಹಿಸಿದರು, ಅದಕ್ಕೆ ಹಣವನ್ನೂ ಕೇಳಲಿಲ್ಲ. ಆದರೂ ಅದು ಬರುವವರೆಗಿನ ಐದು ವಾರ ನಾವು ವಾಮನನನ್ನು ಬದಿಗಿಟ್ಟು ಆಡಬೇಕಾಯಿತು.