ಆರ್‌ಎಕ್ಸ್ 100ಗೆ ಆಯಿಲ್ ಪಂಪಾ, ಪೆಟ್ರೋಲ್ ಮಿಕ್ಸಾ? ಮೂರು ಥರ ಓಡಿಸಿ ನೋಡಿದ ಮೇಲೆ

ಯಮಾಹಾ ಆರ್‌ಎಕ್ಸ್ 100 ಟೂ ಸ್ಟ್ರೋಕ್ ಬೈಕು, ಅದರ ಎಂಜಿನ್ನಿನೊಳಗೆ ಪೆಟ್ರೋಲಿನ ಜೊತೆ ಆಯಿಲೂ ಹೋಗಬೇಕು. ಒಂದೋ ಆಯಿಲನ್ನು ನಾವೇ ಪೆಟ್ರೋಲಿಗೆ ಬೆರೆಸಬೇಕು, ಇಲ್ಲವೇ ಬೇರೆ ಟ್ಯಾಂಕಿನಿಂದ ಪಂಪ್ ತಳ್ಳಬೇಕು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪಂಪಿಗೆ. ಅದೂ ಬೆಂಗಳೂರಿನ ಜೆಸಿ ರೋಡಿನಲ್ಲಿ ಹಳೇ ಸ್ಪೇರ್ಸ್ ರಾಶಿಯ ಮಧ್ಯೆ ಜಿಡ್ಡು ಮೆತ್ತಿಕೊಂಡು ಬಿದ್ದಿದ್ದ ಒರಿಜಿನಲ್ ಪಂಪಿಗೆ. ನಮ್ಮ ಹಾಸನದಲ್ಲಿ ಯಾವ ಗ್ಯಾರೇಜಿಗೆ ಹೋಗಿ ಈ ಮಾತು ಹೇಳಿದರೂ ನಗುತ್ತಾರೆ. "ಪಂಪ್ ನಂಬಬೇಡಿ ಸಾರ್, ಡಮ್ಮಿ ಪ್ಲೇಟ್ ಹಾಕಿ ಮಿಕ್ಸ್ ಓಡಿಸಿ, ತಲೆನೋವೇ ಇಲ್ಲ" ಅನ್ನುತ್ತಾರೆ. ನನ್ನ ಆರ್‌ಎಕ್ಸ್ 100 ಕೈಗೆ ಬಂದಾಗಲೂ ಹಾಗೇ ಇತ್ತು. ಹಿಂದಿನ ಓನರ್ ಪಂಪ್ ಕಿತ್ತು ಆ ಜಾಗಕ್ಕೆ ಅಲ್ಯೂಮಿನಿಯಂ ತುಂಡೊಂದನ್ನು ಬೋಲ್ಟ್ ಹಾಕಿ ಮುಚ್ಚಿಸಿದ್ದರು. ಸೈಡ್ ಕವರ್ ಹಿಂದಿನ ಆಯಿಲ್ ಟ್ಯಾಂಕ್ ಖಾಲಿ, ಒಳಗೆ ಜೇಡರ ಬಲೆ.

ಹಾಗಾಗಿ ಮೊದಲು ಓಡಿಸಿದ್ದು ಮಿಕ್ಸ್. ಆಮೇಲೆ ಆನ್‌ಲೈನಿನಲ್ಲಿ ತರಿಸಿದ ಹೊಸ ಡೂಪ್ಲಿಕೇಟ್ ಪಂಪ್. ಕೊನೆಗೆ ಹಳೇ ಒರಿಜಿನಲ್. ಗಾಡಿ ಅದೇ, ದಾರಿಯೂ ಅದೇ: ವಾರದ ದಿನ ಊರೊಳಗೆ, ಆಗಾಗ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದು ಬೆಳ್ತಂಗಡಿಗೆ, ಹೆಂಡತಿಯ ತವರಿಗೆ. ಈ ಚಾರ್ಮಾಡಿ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಮಿಕ್ಸ್ ಅಂದರೆ ಲೀಟರ್ ಪೆಟ್ರೋಲಿಗೆ 40 ಎಂಎಲ್ 2ಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಯ ಆಯಿಲ್), ಒಂದಕ್ಕೆ ಇಪ್ಪತ್ತೈದು. ಒಳ್ಳೆ ಆಯಿಲ್ ಆದರೆ 30 ಎಂಎಲ್ ಸಾಕು ಅನ್ನುವವರೂ ಇದ್ದಾರೆ. ಲೆಕ್ಕ ಕೇಳಲು ಸುಲಭ. ಆದರೆ ನಮ್ಮೂರಲ್ಲಿ ಯಾರು ಸ್ವಾಮಿ ಲೀಟರ್ ಲೆಕ್ಕದಲ್ಲಿ ಪೆಟ್ರೋಲ್ ಹಾಕಿಸುತ್ತಾರೆ? ಎಲ್ಲರೂ ರೂಪಾಯಿ ಲೆಕ್ಕದವರೇ. ಇನ್ನೂರು ರೂಪಾಯಿಗೆ ಹಾಕಿ ಅಂದರೆ, ಲೀಟರಿಗೆ 103 ರೂಪಾಯಿ ಇದ್ದರೆ ಎರಡು ಲೀಟರಿಗೆ ಸ್ವಲ್ಪ ಕಮ್ಮಿ ಬೀಳುತ್ತದೆ, ಅದಕ್ಕೆ ಆಯಿಲ್ 78 ಎಂಎಲ್. ಮುನ್ನೂರಕ್ಕಾದರೆ 116. ರೇಟ್ ಬದಲಾದರೆ ಲೆಕ್ಕವೂ ಬದಲು. ನಾನು ಮಗಳ ಹಳೇ ಹಾಲಿನ ಬಾಟಲಿಯನ್ನು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ, ಅದರ ಮೇಲೆ ಎಂಎಲ್ ಗೆರೆ ನೀಟಾಗಿ ಇರುತ್ತದೆ. ಬಂಕಿನಲ್ಲಿ ನೀಲಿ ಆಯಿಲ್ ತುಂಬಿದ ಹಾಲಿನ ಬಾಟಲಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುತ್ತಾ ನಿಂತರೆ ಹಿಂದಿನ ಆಟೋದವನು ಹಾರ್ನ್ ಹೊಡೆಯದೆ ಬಿಡುತ್ತಾನಾ?

ಇಷ್ಟೇ ಆಗಿದ್ದರೆ ಹೊಂದಿಕೊಂಡು ಹೋಗಬಹುದಿತ್ತು. ನಿಜವಾದ ಪೀಕಲಾಟ ಫುಲ್ ಟ್ಯಾಂಕ್ ಮಾಡಿಸುವಾಗ. ಆಯಿಲ್ ಮೊದಲು ಸುರಿಯಬೇಕು, ಮೇಲಿಂದ ಪೆಟ್ರೋಲ್ ರಭಸವಾಗಿ ಬಿದ್ದರೆ ತಾನಾಗೇ ಕಲೆಯುತ್ತದೆ. ಆದರೆ ಟ್ಯಾಂಕ್ ತುಂಬುವವರೆಗೆ ಎಷ್ಟು ಲೀಟರ್ ಹೋಗುತ್ತದೆ ಅಂತ ಯಾರಿಗೆ ಗೊತ್ತು? ಮೀಟರ್ ನಿಂತ ಮೇಲೆ ಲೆಕ್ಕ ಹಾಕಿ ಆಯಿಲ್ ಸುರಿದರೆ ಅದು ಭಾರಕ್ಕೆ ಸೀದಾ ತಳಕ್ಕೆ ಇಳಿಯುತ್ತದೆ. ತಳದಲ್ಲೇ ಪೆಟ್ರೋಲ್ ಕಾಕ್ ಇರುವುದು. ಮೊದಲ ಒಂದೆರಡು ಕಿಲೋಮೀಟರ್ ಬರೀ ಆಯಿಲ್ ಹೋಗಿ ಸ್ಪಾರ್ಕ್ ಪ್ಲಗ್ ಒದ್ದೆ, ಆಮೇಲೆ ಆಯಿಲ್ ಕಮ್ಮಿ ಇರುವ ಪೆಟ್ರೋಲ್. ಅದಕ್ಕೇ ಬಂಕ್ ಪಕ್ಕಕ್ಕೆ ಗಾಡಿ ತಳ್ಳಿ, ಹ್ಯಾಂಡಲ್ ಮತ್ತು ಸೀಟ್ ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಬೇಕು. ಕ್ಯಾಪಿನಿಂದ ನಾಲ್ಕು ಹನಿ ಟ್ಯಾಂಕ್ ಮೇಲೆ ಸುರಿದು ಪೇಂಟ್ ಹಾಳು. ಹಿಂದೆ ಬಂಕುಗಳಲ್ಲೇ ಮಿಕ್ಸ್ ಮಾಡಿ ಕೊಡುವ 2ಟಿ ಮಷೀನ್ ಇರುತ್ತಿತ್ತು, ಲೂನಾ, ಸ್ಕೂಟರ್ ಕಾಲದವರಿಗೆ ನೆನಪಿರಬಹುದು. ಈಗ ಅದನ್ನು ಕೇಳಿದರೆ ಬಂಕಿನ ಹುಡುಗರು ನಮ್ಮ ಮುಖ ನೋಡುತ್ತಾರೆ.

ಇನ್ನೊಂದು, ಮಿಕ್ಸ್ ಗಾಡಿಯನ್ನು ಯಾರಿಗೂ ಕೊಡುವ ಹಾಗಿಲ್ಲ. ಒಮ್ಮೆ ಭಾಮೈದ ಉಜಿರೆಗೆ ಹೋಗಿಬರುತ್ತೇನೆ ಅಂತ ಕೀ ತಗೊಂಡ. ಒಳ್ಳೆ ಹುಡುಗ, ಬಂದವನೇ "ಭಾವ, ಗಾಡಿಗೆ ಇನ್ನೂರು ರೂಪಾಯಿ ಪೆಟ್ರೋಲ್ ಹಾಕ್ಸಿದೀನಿ" ಅಂದ. ಆಯಿಲ್ ಎಷ್ಟು ಹಾಕಿದೆ ಅಂದೆ. "ಯಾವ ಆಯಿಲ್ ಭಾವ?" ಅಂದ. ಟ್ಯಾಂಕಿನಲ್ಲಿ ಹಳೇ ಮಿಕ್ಸ್ ಒಂದಷ್ಟು ಉಳಿದಿತ್ತು, ದೂರವೂ ಹೋಗಿರಲಿಲ್ಲ, ಅದಕ್ಕೇ ಪಿಸ್ಟನ್ ಬಿಸಿಯಾಗಿ ಸಿಲಿಂಡರಿನಲ್ಲಿ ಹಿಡಿದುಕೊಳ್ಳಲಿಲ್ಲ. ಅವನದೇನು ತಪ್ಪು? ಪೆಟ್ರೋಲ್ ಹಾಕಿಸುವುದಕ್ಕೆ ಪಾಠ ಹೇಳಿಕೊಡಬೇಕಾದ ಗಾಡಿ ಅದು. ಪಂಪ್ ವಿಚಾರ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿದ್ದು ಆವತ್ತೇ.

ಈಗ ಚಾರ್ಮಾಡಿ. ಘಾಟಿ ಇಳಿಯುವಾಗ ನಾವು ಏನು ಮಾಡುತ್ತೇವೆ? ಆಕ್ಸಿಲರೇಟರ್ ಪೂರ್ತಿ ಬಿಟ್ಟು ಎರಡನೇ, ಮೂರನೇ ಗೇರಿನಲ್ಲಿ ಎಂಜಿನ್ ಹಿಡಿತದ ಮೇಲೆ ಇಳಿಸುತ್ತೇವೆ. ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಆದರೆ ಕಾರ್ಬ್ಯುರೇಟರ್ ಮುಚ್ಚಿರುವುದರಿಂದ ಪೆಟ್ರೋಲ್ ಒಳಗೆ ಹೋಗುವುದೇ ಇಷ್ಟಿಷ್ಟು. ಮಿಕ್ಸ್ ಗಾಡಿಯಲ್ಲಿ ಪೆಟ್ರೋಲ್ ಹೋಗದಿದ್ದರೆ ಆಯಿಲೂ ಹೋಗಲ್ಲ. ಹಾಗಾಗಿ ತಿರುವಿಗೊಮ್ಮೆ ಕ್ಲಚ್ ಹಿಡಿದು ಒಂದು ರೇಸ್ ಕೊಡುತ್ತಾ ಇಳಿಯಬೇಕು. ಮಳೆಗಾಲ, ಮಂಜು, ಎದುರಿಗೆ ಲಾರಿ, ಹಿಂದೆ ಕೂತ ಹೆಂಡತಿ "ಯಾಕ್ರೀ ಸುಮ್ನೆ ಡುರ್ ಡುರ್ ಅನ್ನಿಸ್ತೀರ" ಅನ್ನುತ್ತಿರುತ್ತಾಳೆ.

ಪಂಪಿನ ಚಂದ ಇರುವುದೇ ಇಲ್ಲಿ. ಯಮಾಹಾದವರು 1964ರಲ್ಲಿ ವೈಎ6 ಗಾಡಿಯಲ್ಲಿ ಆಟೋಲ್ಯೂಬ್ ಅನ್ನುವ ಹೆಸರಿನಲ್ಲಿ ಈ ಪಂಪ್ ತಂದಿದ್ದು, ಆಮೇಲೆ ಅದೇ ಏರ್ಪಾಡು ನಮ್ಮ ರಾಜ್‌ದೂತ್ 350ಗೂ ಬಂತು, 1985ರಿಂದ 1996ರವರೆಗೆ ಇಲ್ಲಿ ತಯಾರಾದ ಆರ್‌ಎಕ್ಸ್ 100ಗೂ ಬಂತು. ಪಂಪ್ ತಿರುಗುವುದು ಎಂಜಿನ್ನಿನಿಂದ. ಎಂಜಿನ್ ಎಷ್ಟು ಜೋರಾಗಿ ತಿರುಗುತ್ತದೋ ಪಂಪೂ ಅಷ್ಟು ಜೋರು. ಅದರ ಜೊತೆಗೆ ಆಕ್ಸಿಲರೇಟರ್ ಕೇಬಲ್ ಎರಡಾಗಿ ಒಡೆದು ಒಂದು ಕಾರ್ಬ್ಯುರೇಟರಿಗೆ, ಇನ್ನೊಂದು ಪಂಪಿನ ಪುಲ್ಲಿಗೆ ಹೋಗುತ್ತದೆ. ಕೈ ತಿರುಗಿಸಿದಷ್ಟೂ ಪಂಪಿನ ಒಳಗಿನ ಪ್ಲಂಜರ್ ಜಾಸ್ತಿ ಓಡಾಡಿ ಜಾಸ್ತಿ ಆಯಿಲ್ ತಳ್ಳುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಚೂರೇ ಚೂರು, ಏರಿನಲ್ಲಿ ಫುಲ್ ಎಳೆದಾಗ ಧಾರಾಳ. ಘಾಟಿ ಇಳಿಯುವಾಗ ಕೈ ಬಿಟ್ಟಿದ್ದರೂ ಎಂಜಿನ್ ತಿರುಗುತ್ತಿದೆಯಲ್ಲ, ಅದಕ್ಕೆ ತಕ್ಕಂತೆ ಒಂದಿಷ್ಟು ಹೋಗುತ್ತಲೇ ಇರುತ್ತದೆ. ಮಿಕ್ಸಿಗೆ ಇದ್ಯಾವುದೂ ಗೊತ್ತಿಲ್ಲ, ನಿಂತಾಗಲೂ ಓಡುವಾಗಲೂ ಅದೇ ಒಂದಕ್ಕೆ ಇಪ್ಪತ್ತೈದು.

ಹೊಗೆ: ಪಂಪಿನಲ್ಲಿ ಕಮ್ಮಿ. ಎಮಿಷನ್ ಟೆಸ್ಟ್ ಮಾಡುವವನು ಈಗ ಮೂಗು ಮುಚ್ಚಿಕೊಳ್ಳಲ್ಲ.

ಆಯಿಲ್ ಖರ್ಚು: ಮಿಕ್ಸಿನಲ್ಲಿ ಒಂದು ಲೀಟರ್ ಆಯಿಲ್ 25 ಲೀಟರ್ ಪೆಟ್ರೋಲಿಗೆ ಮುಗಿಯುತ್ತದೆ, ಲೆಕ್ಕ ಪಕ್ಕಾ. ಪಂಪಿನಲ್ಲಿ ಊರೊಳಗಿನ ಓಡಾಟಕ್ಕೆ ಅದೇ ಒಂದು ಲೀಟರ್ ಆಯಿಲ್ ಅದಕ್ಕಿಂತ ಬಹಳ ಹೆಚ್ಚು ಪೆಟ್ರೋಲಿಗೆ ಬರುತ್ತದೆ. ಜಾಸೋ ಎಫ್‌ಸಿ ಅಥವಾ ಎಫ್‌ಡಿ ಅನ್ನುವ ಗುಣಮಟ್ಟದ ಗುರುತು ಡಬ್ಬದ ಮೇಲೆ ಇದ್ದರೆ ಸಾಕು, ಬ್ರಾಂಡಿನ ಜಗಳಕ್ಕೆ ನಾನು ಬರುವುದಿಲ್ಲ.

ಗಾಡಿ ನಿಲ್ಲಿಸಿಡುವವರು ಇದನ್ನು ಗಮನಿಸಿ. ಮಳೆಗಾಲದಲ್ಲಿ ನನ್ನ ಗಾಡಿ ವಾರಗಟ್ಟಲೆ ಶೆಡ್ಡಿನಲ್ಲೇ ಇರುತ್ತದೆ. ಮಿಕ್ಸ್ ಇದ್ದಾಗ ಕಾರ್ಬ್ಯುರೇಟರ್ ಬಟ್ಟಲಿನ ಪೆಟ್ರೋಲ್ ಆರಿ ಆಯಿಲ್ ಮಾತ್ರ ಉಳಿದು, ಪೆಟ್ರೋಲ್ ಹಾಯುವ ಪೈಲಟ್ ಜೆಟ್ಟಿನ ಸಣ್ಣ ತೂತು ಕಟ್ಟಿಕೊಳ್ಳುತ್ತಿತ್ತು. ಪಂಪಿನ ಆಯಿಲ್ ಸೇರುವುದು ಬಟ್ಟಲು ದಾಟಿದ ಮೇಲೆ, ಎಂಜಿನ್ ಕಡೆಯ ಬಾಯಿಯಲ್ಲಿ. ಬಟ್ಟಲಿನಲ್ಲಿ ಬರೀ ಪೆಟ್ರೋಲ್. ಈಗಿನ ಇ20, ಅಂದರೆ ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆತ ಪೆಟ್ರೋಲ್, ನೀರಿನ ಪಸೆ ಹೀರುತ್ತದೆ, ಹಳೇ ರಬ್ಬರ್ ವಾಷರುಗಳನ್ನೂ ಉಬ್ಬಿಸುತ್ತದೆ. ಆ ಕಾಟ ಎರಡಕ್ಕೂ ಒಂದೇ, ಪಂಪ್ ಹಾಕಿದರೆ ತಪ್ಪುವುದಿಲ್ಲ.

ಡೂಪ್ಲಿಕೇಟ್ ಪಂಪಿನ ಕಥೆ ಬೇರೆ. ಸಾವಿರದೊಳಗೆ ಸಿಕ್ಕಿತು, ಡಬ್ಬ ಚೆನ್ನಾಗಿತ್ತು, ಹಾಕಿದ್ದೂ ಸಲೀಸು. ಹಗಲು ಓಡಿಸಿದರೆ ಏನೂ ದೂರಿಲ್ಲ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಕಿಕ್ ಹೊಡೆದರೆ ನಗರಸಭೆಯ ಸೊಳ್ಳೆ ಹೊಗೆ ಗಾಡಿ ಬೀದಿಗೆ ಬಂದ ಹಾಗೆ. ಪಕ್ಕದ ಮನೆ ಆಂಟಿ ಒಣಗಲು ಹಾಕಿದ್ದ ಬಟ್ಟೆ ವಾಪಸ್ ಒಳಗೆ ತಗೊಂಡು ಹೋದರು. ಕಾರಣ ಇಷ್ಟೇ. ಪಂಪಿನಿಂದ ಆಯಿಲ್ ಹೊರಗೆ ಹೋಗುವ ಬಾಯಿಯಲ್ಲಿ ಸಣ್ಣ ಗುಂಡು, ಅದರ ಹಿಂದೆ ಸ್ಪ್ರಿಂಗ್ ಇರುತ್ತದೆ. ಪಂಪ್ ತಳ್ಳಿದಾಗ ಮಾತ್ರ ಗುಂಡು ಸರಿದು ದಾರಿ ಬಿಡಬೇಕು. ಇದರಲ್ಲಿ ಗುಂಡು ಸರಿಯಾಗಿ ಕೂರುತ್ತಿರಲಿಲ್ಲ. ಟ್ಯಾಂಕ್ ಮೇಲಿದೆ, ಪಂಪ್ ಕೆಳಗಿದೆ, ರಾತ್ರಿಯಿಡೀ ಆಯಿಲ್ ಜಿನುಗಿ ಕ್ರ್ಯಾಂಕ್ ಕೇಸಿಗೆ ಇಳಿಯುತ್ತಿತ್ತು. ಬೆಳಿಗ್ಗೆ ಪ್ಲಗ್ ಬಿಚ್ಚಿದರೆ ಆಯಿಲ್‌ನಲ್ಲಿ ಅದ್ದಿ ತೆಗೆದ ಹಾಗೆ. ಮಾರಿದವರು ಸೀಲ್ ಬದಲಿಸಿಕೊಳ್ಳಿ ಅಂದರು. ಹೊಸ ಪಂಪಿಗೆ ಹೊಸ ಸೀಲ್, ಯಾಕೆ ಬೇಕು?

ಒರಿಜಿನಲ್‌ಗೆ ಅದರ ಮೂರರಷ್ಟು ಕೊಟ್ಟೆ. ಸೀಲ್, ಓ ರಿಂಗ್, ಆಯಿಲ್ ಪೈಪ್ ಬೇರೆ ಖರ್ಚು. ಮೆಕ್ಯಾನಿಕ್ ಗೊಣಗಿಕೊಂಡೇ ಹಾಕಿದರು. ಪಿಸ್ಟನ್ ಹಿಡಿದು ಬೋರ್ ಮಾಡಿಸುವ ಖರ್ಚಿಗೆ ಹೋಲಿಸಿದರೆ ಇದು ಜಾಸ್ತಿ ಅಲ್ಲ, ಅದೂ ಈಗ ಒಳ್ಳೆ ಪಿಸ್ಟನ್ ಹುಡುಕುವುದೇ ಒಂದು ಸಾಹಸ. ಆದರೆ ಮೆಕ್ಯಾನಿಕ್ ಭಯವೂ ಸುಳ್ಳಲ್ಲ. ಪಂಪಿನ ಗೇರ್ ಸವೆದು ಹೋದರೆ, ಕೇಬಲ್ ಕಿತ್ತರೆ, ಪೈಪಿನಲ್ಲಿ ಗಾಳಿ ಹೊಕ್ಕರೆ ಎಂಜಿನ್ನಿಗೆ ಆಯಿಲ್ ನಿಂತಿದ್ದು ನಮಗೆ ಗೊತ್ತಾಗುವುದೇ ಇಲ್ಲ, ಹಿಡಿದ ಮೇಲೆ ಗೊತ್ತಾಗುತ್ತದೆ. ನಾನು ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗ ಆಯಿಲ್ ಟ್ಯಾಂಕ್ ಇಣುಕಿ ನೋಡುವವನು. ಮಟ್ಟ ಇಳಿದಿದ್ದರೆ ಖುಷಿ, ಪಂಪ್ ಕೆಲಸ ಮಾಡುತ್ತಿದೆ ಅಂತ ಅರ್ಥ. ಇಳಿಯದೆ ಹಾಗೇ ಇದ್ದರೆ ಅಲ್ಲೇ ನಿಲ್ಲಿಸಬೇಕು. ಈ ಅಭ್ಯಾಸ ನಿಮಗೆ ಇಲ್ಲ, ಬರುವುದೂ ಇಲ್ಲ ಅನಿಸಿದರೆ ಮಿಕ್ಸೇ ಓಡಿಸಿ, ಜಗಳ ಇಲ್ಲ. ಸ್ಪೀಡಿಗೆ ಅಂತ ಬ್ಲಾಕ್ ಪೋರ್ಟಿಂಗ್ (ಸಿಲಿಂಡರಿನ ದಾರಿಗಳನ್ನು ಕೊರೆದು ಅಗಲಿಸುವುದು) ಮಾಡಿಸಿ, ದೊಡ್ಡ ಕಾರ್ಬ್ಯುರೇಟರ್, ಎಕ್ಸ್‌ಪಾನ್ಷನ್ ಚೇಂಬರ್ ಅನ್ನುವ ರೇಸಿಂಗ್ ಸೈಲೆನ್ಸರ್ ಹಾಕಿರುವ ಗಾಡಿಗೂ ಮಿಕ್ಸೇ ಸರಿ, ಕಂಪನಿ ಪಂಪಿನ ಅಳತೆ ಆ ಎಂಜಿನ್ನಿಗೆ ಮಾಡಿದ್ದಲ್ಲ. ಆದರೆ ಮಿಕ್ಸ್ ಓಡಿಸುವವರು ಸೇಫ್ಟಿಗೆ ಅಂತ ಇನ್ನೊಂದು ಮುಚ್ಚಳ ಆಯಿಲ್ ಜಾಸ್ತಿ ಸುರಿಯಬೇಡಿ. ಅದೇ ಜೆಟ್ಟಿನಲ್ಲಿ ಆಯಿಲ್ ಜಾಸ್ತಿ ಹೋದರೆ ಪೆಟ್ರೋಲ್ ಕಮ್ಮಿ ಹೋಗುತ್ತದೆ, ಎಂಜಿನ್ ಇನ್ನೂ ಬಿಸಿಯಾಗುತ್ತದೆ.

ಪಂಪ್ ಹಾಕಿಸುವವರು ಮೂರು ವಿಷಯ ಬಿಡಬೇಡಿ. ಹಾಕಿದ ಮೇಲೆ ಪಂಪಿನ ಮೇಲಿರುವ ಗಾಳಿ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಆಯಿಲ್ ಬರುವವರೆಗೆ ಬಿಟ್ಟು ಮತ್ತೆ ಬಿಗಿ ಮಾಡಬೇಕು. ಮೊದಲ ಟ್ಯಾಂಕನ್ನು ಮಿಕ್ಸ್ ಪೆಟ್ರೋಲಿನಲ್ಲೇ ಓಡಿಸಬೇಕು, ಪಂಪಿನಿಂದ ಕಾರ್ಬ್ಯುರೇಟರಿಗೆ ಹೋಗುವ ಪೈಪ್ ತುಂಬಲು ಸಮಯ ಬೇಕು. ಹೊಗೆ ಬರುತ್ತದೆ, ಬರಲಿ. ಕೇಬಲ್ ಅಡ್ಜಸ್ಟ್‌ಮೆಂಟನ್ನು ಕಣ್ಣಂದಾಜಿಗೆ ಬಿಡಬೇಡಿ. ಕೇಬಲ್ಲಿನ ಸಡಿಲ ಹೋಗುವಷ್ಟು ಆಕ್ಸಿಲರೇಟರ್ ತಿರುಗಿಸಿ ಹಿಡಿದರೆ ಪುಲ್ಲಿಯ ಮೇಲಿನ ಗುರುತು ಪಕ್ಕದ ಪಿನ್ನಿಗೆ ಸರಿಯಾಗಿ ಬರಬೇಕು.

ಹಳೇ ಪಂಪ್ ಕೊಳ್ಳುವಾಗ ನಾನು ಅಂಗಡಿಯವರಿಗೆ ಒಂದು ದಿನದ ಮಟ್ಟಿಗೆ ದುಡ್ಡು ಕೊಟ್ಟು ಮನೆಗೆ ತಂದೆ. ನೀವೂ ಕೇಳಿ ನೋಡಿ, ಸುಮಾರು ಜನ ಒಪ್ಪುತ್ತಾರೆ. ಒಂದು ಬಾಟಲಿಯಲ್ಲಿ ಆಯಿಲ್ ತುಂಬಿ ಎತ್ತರಕ್ಕೆ ತೂಗುಹಾಕಿ, ಪೈಪಿನಿಂದ ಪಂಪಿಗೆ ಕೊಡಿ. ಪುಲ್ಲಿಯನ್ನು ಪೂರ್ತಿ ಎಳೆದು ಹಿಡಿದು ಗೇರನ್ನು ಕೈಯಲ್ಲೇ ತಿರುಗಿಸುತ್ತಾ ಹೋಗಿ. ತಾಳ್ಮೆ ಬೇಕು, ಸುಮಾರು ಸುತ್ತು ತಿರುಗಿಸಿದ ಮೇಲೆ ಒಂದು ಸಣ್ಣ ಹನಿ ಬರುತ್ತದೆ. ಹನಿ ಹನಿ ಒಂದೇ ಸಮ ಬಂದರೆ ಪ್ಲಂಜರ್ ಚೆನ್ನಾಗಿದೆ. ಆಮೇಲೆ ತಿರುಗಿಸುವುದು ನಿಲ್ಲಿಸಿ, ಬಾಯಿಯ ಕೆಳಗೆ ಪೇಪರ್ ಹಾಸಿ ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಪೇಪರ್ ಮೇಲೆ ಆಯಿಲ್ ಕಲೆ ಕಂಡರೆ ಪಂಪ್ ವಾಪಸ್ ಕೊಟ್ಟು ದುಡ್ಡು ಇಸ್ಕೊಳ್ಳಿ.