ಮಡಿಕೇರಿಯಲ್ಲಿ ಹಾಸ್ಟೆಲ್ ಬುಕ್ ಮಾಡುವವರ ಗಮನಕ್ಕೆ: ಅಲ್ಲಿ ನಿದ್ದೆಗೆ ಬೇರೆ ದರವಿದೆ

ವಾರಾಂತ್ಯಕ್ಕೆ ಮಡಿಕೇರಿಗೆ ಹೊರಟಿರುವವರು, ಅದರಲ್ಲೂ ಮನೆಯ ಹಿರಿಯರನ್ನು ಕರೆದುಕೊಂಡು ಹೊರಟಿರುವವರು, ‘ಕಾಫಿ ತೋಟದ ನಡುವೆ ಪ್ರಶಾಂತ ವಾಸ್ತವ್ಯ, ರಾತ್ರಿ ಹತ್ತರ ನಂತರ ಸಂಪೂರ್ಣ ನಿಶ್ಶಬ್ದ’ ಎಂಬ ಜಾಹೀರಾತನ್ನು ನಂಬಿ ಪೂರ್ತಿ ಹಣ ಮುಂಗಡವಾಗಿ ಕಟ್ಟಬೇಡಿ. ನಾವು ಕಟ್ಟಿದೆವು. ಆ ಹಾಸ್ಟೆಲಿನ ಮೇಲೆ ಕೊಟ್ಟಿರುವ ದೂರು ಇನ್ನೂ ಇತ್ಯರ್ಥವಾಗಿಲ್ಲವಾದ್ದರಿಂದ ಹೆಸರು ಬರೆಯುತ್ತಿಲ್ಲ. ಆದರೆ ನಡೆದುದನ್ನು ಬರೆಯದೆ ಸುಮ್ಮನಿರಲೂ ಆಗುತ್ತಿಲ್ಲ.

ತಲಕಾವೇರಿಗೆ ಹೋಗಬೇಕೆಂಬುದು ನಮ್ಮ ತಂದೆಯವರ ಬಹುಕಾಲದ ಆಸೆಯಾಗಿತ್ತು. ಕೊಡಗಿಗೆ ರೈಲು ಇಲ್ಲ. ಮೈಸೂರಿನಿಂದ ಸುಮಾರು 120 ಕಿ.ಮೀ. ಬಸ್ಸಿನಲ್ಲಿ ಕುಳಿತು, ಕುಶಾಲನಗರ ದಾಟಿದ ಮೇಲಿನ ಘಟ್ಟದ ತಿರುವುಗಳಲ್ಲಿ ಅವರು ಸಾಕಷ್ಟು ಬಳಲಿದ್ದರು. ರಾತ್ರಿ ಚೆನ್ನಾಗಿ ಮಲಗಿ, ಬೆಳಗಿನ ಬಸ್ಸಿಗೆ ಭಾಗಮಂಡಲಕ್ಕೆ ಹೋಗಿ, ಸಂಗಮದಲ್ಲಿ ಸ್ನಾನ ಮುಗಿಸಿ ಮೇಲಕ್ಕೆ ಹೋಗುವುದೆಂದು ನಿಶ್ಚಯಿಸಿದ್ದೆವು. ಶನಿವಾರ ಹೋಂಸ್ಟೇಗಳ ದರ ಯಾವ ಮಟ್ಟಕ್ಕೆ ಏರುತ್ತದೆ ಎಂಬುದು ನಿಮಗೆಲ್ಲ ಗೊತ್ತಿರುವುದೇ. ಹಾಸ್ಟೆಲಿನಲ್ಲಿ ಕುಟುಂಬಕ್ಕೆಂದು ಪ್ರತ್ಯೇಕ ಕೋಣೆ ಇತ್ತು, ನಿಶ್ಶಬ್ದದ ಭರವಸೆಯೂ ಇತ್ತು.

ಸಂಜೆ ನಾವು ತಲುಪಿದಾಗ ನಮ್ಮ ಕೋಣೆಯ ಕಿಟಕಿಯ ಎದುರಿನ ಅಂಗಳದಲ್ಲಿ ಆಳೆತ್ತರದ ಸ್ಪೀಕರ್‌ಗಳನ್ನು ಜೋಡಿಸುತ್ತಿದ್ದರು. ವಿಚಾರಿಸಿದ್ದಕ್ಕೆ ಕೌಂಟರಿನ ಹುಡುಗ, “ಅದೆಲ್ಲ ಹತ್ತಕ್ಕೆ ಬಂದ್ ಆಗುತ್ತೆ ಸಾರ್, ಅಂಕಲ್‌ಗೆ ಏನೂ ತೊಂದರೆ ಇಲ್ಲ” ಎಂದ. ಹತ್ತು ಗಂಟೆಗೆ ಬಂದ್ ಆಗುವುದಿರಲಿ, ಕ್ಯಾಂಪ್‌ಫೈರ್ ಹಚ್ಚಿ ನಿಜವಾದ ಗದ್ದಲ ಆರಂಭಿಸಿದ್ದೇ ಹತ್ತಕ್ಕೆ. ಹನ್ನೊಂದಾಯಿತು, ಹನ್ನೆರಡಾಯಿತು. ಕಿಟಕಿಯ ಗಾಜು ನಡುಗುತ್ತಿತ್ತು. ರಕ್ತದೊತ್ತಡದ ಮಾತ್ರೆ ನುಂಗಿ ಒಂಬತ್ತಕ್ಕೇ ಮಲಗುವ ತಂದೆಯವರು ಕಂಬಳಿ ಹೊದ್ದು ಮಂಚದ ಮೇಲೆ ಎದ್ದು ಕುಳಿತಿದ್ದರು.

ಕೌಂಟರಿಗೆ ಹೋದೆ. ಅಲ್ಲಿ, ಸಂಜೆ ನಾನು ಗಮನಿಸದಿದ್ದ ಒಂದು ಗಾಜಿನ ಭರಣಿಯ ತುಂಬ ಇಯರ್‌ಪ್ಲಗ್‌ಗಳಿದ್ದವು. ಅದರ ಮೇಲೆ ಬೆಲೆಯ ಚೀಟಿ: ಜೋಡಿಗೆ 30 ರೂಪಾಯಿ. ನನ್ನ ದೂರನ್ನು ಅರ್ಧ ಕೇಳಿಸಿಕೊಂಡ ಮ್ಯಾನೇಜರ್ ಭರಣಿಯನ್ನು ನನ್ನ ಕಡೆಗೆ ಸರಿಸಿದ. ನಾನು ಮುಟ್ಟದೆ ನಿಂತಿದ್ದನ್ನು ನೋಡಿ, ಬಹಳ ಸೌಜನ್ಯದಿಂದಲೇ, “ಹಿಂದಿನ ಬ್ಲಾಕಿನಲ್ಲಿ ಕೋಣೆ ಖಾಲಿ ಇದೆ ಸಾರ್, ಅಲ್ಲಿ ಸದ್ದು ಬರಲ್ಲ, 1,200 ಎಕ್ಸ್‌ಟ್ರಾ ಆಗುತ್ತೆ” ಎಂದ. ಅಲ್ಲಿಯವರೆಗೆ ನಾನು ಇದನ್ನು ಅಜಾಗರೂಕತೆ ಎಂದುಕೊಂಡಿದ್ದೆ; ಯಾರೋ ಕುಡಿದ ಹುಡುಗರು ಮಾತು ಕೇಳುತ್ತಿಲ್ಲ ಎಂದುಕೊಂಡಿದ್ದೆ. ಹಾಗಲ್ಲ. ಜಾಹೀರಾತಿನಲ್ಲಿ ನಮಗೆ ಮಾರಿದ ನಿದ್ದೆಯನ್ನೇ ನಡುರಾತ್ರಿ ಎರಡನೆಯ ಬಾರಿ ಮಾರುವ ಏರ್ಪಾಡು ಅದು. ಮಾರಲೆಂದು ಭರಣಿ ತುಂಬಿಸಿ ಇಟ್ಟಿದ್ದಾರೆಂದರೆ, ನಮಗಿಂತ ಮೊದಲು ಎಷ್ಟು ಜನ ಅದೇ ಕೌಂಟರಿನ ಮುಂದೆ ಅದೇ ರೀತಿ ನಿಂತಿರಬೇಕು!

ಶಬ್ದ ಮಾಲಿನ್ಯ ನಿಯಂತ್ರಣದ 2000ನೇ ಇಸವಿಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ ಎಂದು ಮ್ಯಾನೇಜರ್‌ಗೆ ಹೇಳಿದೆ. “ಪರ್ಮಿಷನ್ ಇದೆ” ಎಂದ. ತೋರಿಸಿ ಎಂದೆ. “ಓನರ್ ಹತ್ತಿರ ಇದೆ, ಅವರು ಬೆಂಗಳೂರಿನಲ್ಲಿದ್ದಾರೆ” ಎಂದ. 112ಕ್ಕೆ ಕರೆ ಮಾಡಿದ ಮೇಲೆ ಪೊಲೀಸರು ಬಂದು ನಿಲ್ಲಿಸಿಯೇ ಹೋದರು. ಅವರ ಜೀಪು ತಿರುವಿನಲ್ಲಿ ಮರೆಯಾದ ಸ್ವಲ್ಪ ಹೊತ್ತಿನಲ್ಲೇ ಹಾಡು ಮತ್ತೆ ಶುರುವಾಯಿತು, ಈ ಬಾರಿ ನಮ್ಮ ಕೋಣೆಯ ಕಡೆ ನೋಡಿ ಚಪ್ಪಾಳೆ, ಶಿಳ್ಳೆಯೊಂದಿಗೆ. ಅದು ನಿಂತು ಕಣ್ಣು ಹತ್ತುವಷ್ಟರಲ್ಲಿ ಮಾಂದಲಪಟ್ಟಿಯ ಸೂರ್ಯೋದಯಕ್ಕೆ ಹೊರಡುವ ಜೀಪುಗಳು ಬಂದು ಹಾರ್ನ್ ಹೊಡೆಯತೊಡಗಿದವು.

ಬೆಳಿಗ್ಗೆ ತಂದೆಯವರಿಗೆ ತಲೆ ಸುತ್ತುತ್ತಿತ್ತು. ಭಾಗಮಂಡಲದ ಬಸ್ಸು ಹತ್ತಬೇಕಾದವರು ಮೈಸೂರಿನ ಬಸ್ಸು ಹತ್ತಿದೆವು. ಹೊರಡುವ ಮುನ್ನ ಹಣ ವಾಪಸ್ ಕೇಳಿದಾಗ ಮ್ಯಾನೇಜರ್ ಕೊಟ್ಟ ಉತ್ತರವನ್ನು ಹಾಗೆಯೇ ಬರೆಯುತ್ತೇನೆ: “ಕೂರ್ಗ್‌ಗೆ ಜನ ಎಂಜಾಯ್ ಮಾಡೋಕೆ ಬರ್ತಾರೆ ಸಾರ್. ಸೈಲೆನ್ಸ್ ಬೇಕಂದ್ರೆ ಆಶ್ರಮಕ್ಕೆ ಹೋಗಬೇಕಿತ್ತು.” ಸುತ್ತಲೂ ನಿಂತಿದ್ದ ಹುಡುಗರು ನಕ್ಕರು. ಎಪ್ಪತ್ತು ದಾಟಿದ ತಂದೆಯ ಎದುರಿಗೆ ಕೇಳಿಸಿಕೊಂಡ ಆ ಮಾತು ಹಣ ಹೋದದ್ದಕ್ಕಿಂತ ಹೆಚ್ಚು ಉರಿಯುತ್ತಿದೆ. ಗೇಟಿನ ಬಳಿ ಪಕ್ಕದ ಮನೆಯ ಹೆಂಗಸೊಬ್ಬರು, “ನೀವು ಒಂದು ರಾತ್ರಿಗೆ ಹೀಗಂತೀರಿ, ನಮಗೆ ಪ್ರತಿ ಶನಿವಾರ ಇದೇ ಗೋಳು” ಎಂದರು. ಕೊಡಗಿನವರ ಮೇಲೆ ನನಗೆ ಯಾವ ದೂರೂ ಇಲ್ಲ; ಅವರೂ ನಮ್ಮಂತೆಯೇ ನಿದ್ದೆಗೆಟ್ಟವರು.

ಹೋಗಲೇಬೇಕಾದವರು ಬುಕ್ ಮಾಡುವ ಮೊದಲು ಫೋನ್ ಮಾಡಿ, ಅಂಗಳವನ್ನು ಪಾರ್ಟಿಗೆ ಬಾಡಿಗೆ ಕೊಡುತ್ತೀರಾ ಎಂದು ನೇರವಾಗಿ ಕೇಳಿ, ಉತ್ತರವನ್ನು ವಾಟ್ಸಾಪ್‌ನಲ್ಲಿ ಬರಹದಲ್ಲೇ ಪಡೆಯಿರಿ. ಶನಿವಾರ ರಾತ್ರಿ ತಂಗಿದವರ ಅಭಿಪ್ರಾಯಗಳನ್ನು ಮಾತ್ರ ಓದಿ. ಮಂಗಳವಾರ ತಂಗಿದವರ ಹೊಗಳಿಕೆಗೆ ಕವಡೆ ಕಿಮ್ಮತ್ತೂ ಇಲ್ಲ. ಮೋಸ ಹೋದರೆ ರಾತ್ರಿಯ ಸದ್ದನ್ನು ಸಮಯ ಕಾಣುವಂತೆ ವಿಡಿಯೋ ಮಾಡಿಕೊಂಡು 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡಿ. ಅಲ್ಲಿ ಬಗೆಹರಿಯದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಿಮ್ಮ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು, ಅದಕ್ಕಾಗಿ ಮತ್ತೆ ಮಡಿಕೇರಿಗೆ ಅಲೆಯಬೇಕಾಗಿಲ್ಲ. ಕೊಟ್ಟ ಹಣ 5 ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕವೂ ಇಲ್ಲ.

ನಾನು ಸಹಾಯವಾಣಿಗೆ ದೂರು ಕೊಟ್ಟ ನಂತರ ಹಾಸ್ಟೆಲಿನವರಿಂದ ಸಂದೇಶವೊಂದು ಬಂದಿದೆ. ಕ್ಷಮೆ ಇಲ್ಲ, ಹಣದ ಮಾತಿಲ್ಲ. ಮುಂದಿನ ಬಾರಿ ತಂಗಲು ಬಂದರೆ ಶೇ. 10ರಷ್ಟು ರಿಯಾಯಿತಿಯಂತೆ, ಅದೂ ಹಿಂದಿನ ಬ್ಲಾಕಿನ ಕೋಣೆಗೆ ಮಾತ್ರ. ಆ ಸಂದೇಶದ ಪ್ರತಿಯನ್ನೂ ದೂರಿಗೆ ಲಗತ್ತಿಸಿದ್ದೇನೆ.