ಅಲಾಯ್ ವೀಲ್ ಹಾಕಿಸುವ ಮುಂಚೆ ಹಳೇ ವೀಲಿನ ಬೆನ್ನು ನೋಡಿ

ಹುಬ್ಬಳ್ಳಿಯಿಂದ ಗದಗಿಗೆ ಹೊರಟಿದ್ದೆವು. ಅಕ್ಕನ ಮಗಳ ನಿಶ್ಚಯ. ಮುಂದೆ ನಾನು, ನನ್ನ ಹೆಂಡತಿ. ಹಿಂದೆ ಅವ್ವ, ಕಾಕಾ, ಕಾಕು. ಡಿಕ್ಕಿ ತುಂಬ ಸಾಮಾನು. ಅಣ್ಣಿಗೇರಿ ಇನ್ನೂ ಸ್ವಲ್ಪ ದೂರ ಇತ್ತು. ಒಂದು ಹಂಪ್ ಇಳಿದಾಗ ಹಿಂದಿನಿಂದ ‘ಗರ್ರ್’ ಅಂತ ಸಪ್ಪಳ ಬಂತು. ಮುಂದಿನ ತಗ್ಗಿನಲ್ಲೂ ಅದೇ. ಆಮೇಲೆ ಸುಟ್ಟ ರಬ್ಬರಿನ ವಾಸನೆ.

‘ತಮ್ಮಾ, ಮೊದ್ಲ ಗಾಡಿ ನಿಲ್ಸು. ಏನೋ ತಿಕ್ಕಾಕತ್ತೈತಿ’ ಅಂದರು ಕಾಕಾ.

ಇಳಿದು ನೋಡಿದೆ. ಬಲಗಡೆ ಹಿಂದಿನ ಟೈರಿನ ಹೊರ ಅಂಚು ಸುತ್ತಲೂ ಕೆತ್ತಿಹೋಗಿತ್ತು. ಮಡ್‌ಗಾರ್ಡಿನ ಒಳ ಅಂಚಿನ ತಗಡು ಚಾಕುವಿನ ಹಾಗೆ ರಬ್ಬರನ್ನು ಸವರಿತ್ತು. ಒಂದು ಕಡೆ ಒಳಗಿನ ದಾರವೇ ಕಾಣುತ್ತಿತ್ತು. ಹಾಕಿಸಿ ಐದು ತಿಂಗಳೂ ಆಗಿರದ ಟೈರ್ ಅದು. 80ರ ವೇಗದಲ್ಲಿ ಒಡೆದಿದ್ದರೆ? ಹಿಂದೆ ಕೂತಿದ್ದವರು ಅವ್ವ. ಇದನ್ನು ಬರೆಯುತ್ತಿರುವುದು ಅದಕ್ಕೇ.

ಹಳೇ ಸ್ಟೀಲ್ ವೀಲ್ ಬಿಚ್ಚಿಸಿ, ಈ ಅಲಾಯ್ ವೀಲ್‌ಗಳನ್ನು ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಟೈರ್ ಸೇರಿ 46,000 ರೂಪಾಯಿಗೆ ಹಾಕಿಸಿದ್ದೆ. ನಾನು ಕೇಳಿದ್ದು ಒಂದೇ ಪ್ರಶ್ನೆ: ‘ನಮ್ಮ ಗಾಡಿಗೆ ಕುಂದರ್ತಾವಲ್ರೀ?’

‘ಕುಂದರ್ತಾವ್ರಿ ಸರ್. ನಾಕ್ ಬೋಲ್ಟ್, ನೂರು ಪಿಸಿಡಿ. ನಿಮ್ಮ ಗಾಡಿದೂ ಅದ ಐತಿ.’

ಆ ಮಾತು ಸುಳ್ಳಲ್ಲ. ಪಿಸಿಡಿ ಅಂದರೆ ಬೋಲ್ಟ್ ತೂತುಗಳು ಕೂತಿರುವ ವೃತ್ತದ ಅಳತೆ. ಮಾರುತಿಯ ಎಷ್ಟೋ ಸಣ್ಣ ಕಾರುಗಳಲ್ಲಿ ಅದು 100 ಮಿಲಿಮೀಟರ್. ತೂತಿಗೆ ತೂತು ಸರಿಹೊಂದಿತು, ನಿಜ. ಆದರೆ ಬೋಲ್ಟ್ ಬಿಗಿಯಾದ ಮೇಲೆ ವೀಲ್ ಒಳಗೆ ಎಷ್ಟು ಕೂತಿದೆ, ಹೊರಗೆ ಎಷ್ಟು ಬಂದಿದೆ ಅನ್ನೋದನ್ನು ಪಿಸಿಡಿ ಹೇಳುವುದಿಲ್ಲ. ಅದನ್ನು ಹೇಳೋದು ಆಫ್‌ಸೆಟ್. ಆ ಪದವನ್ನು ಅಂಗಡಿಯವರು ಎತ್ತಲಿಲ್ಲ, ನನಗೂ ಗೊತ್ತಿರಲಿಲ್ಲ.

ಅರ್ಥ ಮಾಡಿಸಿದವರು ಧಾರವಾಡದ ಒಬ್ಬ ಹಳೇ ಮೆಕ್ಯಾನಿಕ್. ಮನೆಯಲ್ಲಿಟ್ಟಿದ್ದ ಹಳೇ ಸ್ಟೀಲ್ ವೀಲ್ ತರಿಸಿದರು. ಅದನ್ನೂ ಹೊಸದನ್ನೂ ಬೋರಲು ಮಲಗಿಸಿ ಬಟ್ಟೆಯಿಂದ ಒರೆಸಿದರು. ಹಳೆಯದರ ಬೆನ್ನಿನಲ್ಲಿ 5.5 ಜೆ, ಇಟಿ 45 ಅಂತ ಒತ್ತಿತ್ತು. ಹೊಸದರಲ್ಲಿ 7 ಜೆ, ಇಟಿ 30. ಜೆ ಜೊತೆ ಇರುವುದು ರಿಮ್ಮಿನ ಅಗಲ, ಇಂಚಿನಲ್ಲಿ. ಇಟಿ ಅಂದರೆ ಆಫ್‌ಸೆಟ್, ಮಿಲಿಮೀಟರಿನಲ್ಲಿ. ರಿಮ್ಮಿನ ಅಗಲದ ನಟ್ಟನಡುವೆ ಒಂದು ಗೆರೆ ಎಳೆದಿದ್ದೀರಿ ಅಂದುಕೊಳ್ಳಿ. ಕಾರಿನ ಹಬ್ಬಿಗೆ, ಅಂದರೆ ವೀಲ್ ಕೂರುವ ನಡುವಿನ ಭಾಗಕ್ಕೆ, ವೀಲ್ ತಾಗುವ ಮುಖ ಆ ಗೆರೆಯಿಂದ ಹೊರಗಡೆಗೆ ಎಷ್ಟು ದೂರ ಇದೆಯೋ ಅದೇ ಈ ಅಂಕಿ. ಅಂಕಿ ಇಳಿದಷ್ಟೂ ವೀಲ್ ಹೊರಗೆ ಸರಿಯುತ್ತದೆ.

ಈಗ ಲೆಕ್ಕ ನೋಡಿ. ಅಗಲ ಒಂದೂವರೆ ಇಂಚು ಹೆಚ್ಚಾಯಿತು, ಅಂದರೆ 38 ಮಿಲಿಮೀಟರ್. ಅರ್ಧ ಒಳಗೆ, ಅರ್ಧ ಹೊರಗೆ ಹೋಗಬೇಕಿತ್ತು. ತಲಾ 19. ಆದರೆ ಆಫ್‌ಸೆಟ್ 45ರಿಂದ 30ಕ್ಕೆ ಇಳಿದಿದ್ದರಿಂದ ಇಡೀ ವೀಲ್ ಇನ್ನೂ 15 ಹೊರಗೆ ಬಂತು. ಒಳಗೆ ಹೆಚ್ಚಿದ್ದು ಬರೀ 4. ಹೊರಗೆ 34! ಹತ್ತಿರ ಹತ್ತಿರ ಮೂರೂವರೆ ಸೆಂಟಿಮೀಟರ್. ನಾನೊಬ್ಬನೇ ಓಡಾಡುವಾಗ ತಾಗುತ್ತಿರಲಿಲ್ಲ. ಐದು ಜನ, ಸಾಮಾನು ಅಂತ ಹಿಂಭಾಗ ಕುಸಿದಾಗ ತಾಗಿತು.

ಸೂಚನೆ ಮೊದಲೇ ಸಿಕ್ಕಿತ್ತು. ಕೆಟ್ಟ ರಸ್ತೆಯಲ್ಲಿ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡ ಹಾಗೆ ಎಳೆಯುತ್ತಿತ್ತು. ಮಳೆ ಬಂದರೆ ಎರೆ ಮಣ್ಣು ಬಾಗಿಲಿನ ಹಿಡಿಕೆವರೆಗೂ ರಾಚುತ್ತಿತ್ತು. ಅಲೈನ್‌ಮೆಂಟ್ ಎರಡು ಸಲ ಮಾಡಿಸಿದೆ, ಹೋಗಲಿಲ್ಲ. ಮುಂದಿನ ಎಡಗಾಲಿಯಿಂದ ‘ಗುಂಯ್’ ಅನ್ನೋ ದನಿ ಶುರುವಾಗಿತ್ತು, ವೇಗ ಏರಿದಂತೆ ಅದೂ ಏರುತ್ತಿತ್ತು. ಬೇರಿಂಗ್ ಹೋಗಿತ್ತು. ‘ತುಂಬಿದ ಕೊಡ ಟೊಂಕದಾಗ ಇಟ್ಕೊಂಡ್ರ ಎಷ್ಟು ದೂರ ಬೇಕಾದ್ರೂ ನಡೀತೀರಿ. ಕೈ ಚಾಚಿ ಹಿಡಿರಿ ನೋಡೋಣ. ಬೇರಿಂಗಿಗೂ ಹಂಗ ಆಗೂದ್ರಿ’ ಅಂದರು ಮೆಕ್ಯಾನಿಕ್. ನನಗೆ ಇಡೀ ವಿಷಯ ತಿಳಿದಿದ್ದು ಆ ಮಾತಿನಿಂದ.

ಇನ್ನೊಂದು ತಪ್ಪೂ ಸಿಕ್ಕಿತು. ನಮ್ಮ ಕಾರಿನ ಹಬ್ 54.1 ಮಿಲಿಮೀಟರ್. ಹೊಸ ವೀಲಿನ ನಡುವಿನ ತೂತು 73.1. ಎಲ್ಲ ಕಾರಿಗೂ ಆಗಲಿ ಅಂತ ತೂತು ದೊಡ್ಡದು ಬಿಟ್ಟಿರುತ್ತಾರೆ. ನಡುವಿನ ಸಂದಿಗೆ ರಿಂಗ್ ಹಾಕಬೇಕು. ನಮ್ಮದಕ್ಕೆ ಹಾಕಿರಲಿಲ್ಲ. ಬೈಪಾಸಿನಲ್ಲಿ ಸ್ಟೀರಿಂಗ್ ನಡುಗುತ್ತಿದ್ದದ್ದಕ್ಕೆ ಅದೂ ಕಾರಣ.

ಅಂಗಡಿಗೆ ವಾಪಸ್ ಹೋದೆ. ಮಡ್‌ಗಾರ್ಡಿನ ಅಂಚು ಬಡಿದು ಒಳಗೆ ಮಡಚಿ ಕೊಡ್ತೀವಿ ಅಂದರು. ಬೇಡ ಅಂದೆ. ಬಡಿದರೆ ಪೇಂಟ್ ಬಿರುಕು ಬಿಟ್ಟು ತುಕ್ಕು ಹಿಡಿಯುತ್ತದೆ. ಬೇರಿಂಗಿನ ಮೇಲಿನ ಭಾರವೂ ಕಡಿಮೆ ಆಗಲ್ಲ, ಅಲ್ವಾ? ಇನ್ನೊಬ್ಬರು ಸ್ಪೇಸರ್ ಹಾಕಿಸಿ ಅಂದರು. ದಯವಿಟ್ಟು ಈ ಮಾತಿಗೆ ಕಿವಿಗೊಡಬೇಡಿ. ಸ್ಪೇಸರ್ ಅಂದರೆ ಹಬ್ಬಿಗೂ ವೀಲಿಗೂ ನಡುವೆ ಕೂರಿಸುವ ದಪ್ಪ ಬಿಲ್ಲೆ. ಅದು ವೀಲನ್ನು ಇನ್ನೂ ಹೊರಗೆ ತಳ್ಳುತ್ತದೆ.

ಹಾಕಿಸುವವರು ಹಾಕಿಸಿ, ನಾನು ಬೇಡ ಅನ್ನಲ್ಲ. ದುಡ್ಡು ಕೊಡುವ ಮುಂಚೆ ಹಳೇ ವೀಲ್ ಒಂದನ್ನು ಬಿಚ್ಚಿಸಿ, ಬೆನ್ನಿನ ಅಂಕಿಗಳ ಫೋಟೋ ತೆಗೆದುಕೊಳ್ಳಿ. ಹೊಸದರ ಜೊತೆ ಮೇಲಿನ ಹಾಗೆ ಕೂಡಿ ಕಳೆದು ನೋಡಿ. ಆಫ್‌ಸೆಟ್ ಹಳೆಯದಕ್ಕೆ ಎಷ್ಟು ಹತ್ತಿರ ಇದ್ದರೆ ಅಷ್ಟು ಒಳ್ಳೆಯದು. ಸಾಧ್ಯವಾದರೆ ಒಂದು ವೀಲನ್ನು ಟೈರ್ ಸಮೇತ ಹಾಕಿಸಿ, ಹಿಂದೆ ಮೂರು ಜನರನ್ನು ಕೂರಿಸಿ, ಹಂಪ್ ಮೇಲೆ ಮೆಲ್ಲಗೆ ಓಡಿಸಿ. ಮುಂದಿನದಾದರೆ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಕಿವಿಗೊಡಿ. ಒಮ್ಮೆ ಓಡಿದ ವೀಲನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ, ನನ್ನ ಅನುಭವ ಅದು.

ಕಾರು ಈಗ ಹಳೇ ಸ್ಟೀಲ್ ವೀಲ್ ಮೇಲೆ ಓಡುತ್ತಿದೆ. ಅಲಾಯ್‌ಗಳು ಅಟ್ಟದ ಮೇಲಿವೆ. ಹೋದ ವಾರ ಹಾವೇರಿಯಿಂದ ಒಬ್ಬರು ಕೊಳ್ಳಲು ಫೋನ್ ಮಾಡಿದ್ದರು. ನಿಮ್ಮ ಗಾಡಿಯ ಇಟಿ ಎಷ್ಟು ನೋಡಿ ಹೇಳಿ ಅಂದೆ. 45 ಅಂದರು. ಅವರಿಗೆ ಕೊಡಲಿಲ್ಲ.